ಇಲ್ಲದ ಬೆಣ್ಣೆಯ ವಾಸನೆ

ನೈರೋಬಿಗೆ ಹೋಗಿಬಂದೆ ಎಂದರೆ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಿಂಹ ನೋಡಿದಿರಾ? ನೋಡಲಿಲ್ಲ. ಇದ್ದಷ್ಟು ದಿನವೂ ಊರೊಳಗೇ ಇದ್ದೆ. ನಾನು ಹೋಗಿದ್ದು ಒಂದು ಬಿಯರಿನ ರುಚಿ ನೋಡಿ ತೀರ್ಪು ಹೇಳುವುದಕ್ಕೆ. ಹೇಳಿದೆ. ಅದು ಸುಳ್ಳು ತೀರ್ಪಾಗಿತ್ತು, ಅದರಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು. ಕಾಡು, ಪ್ರಾಣಿ, ಸೂರ್ಯಾಸ್ತದ ಬಗ್ಗೆ ಓದುವ ಆಸೆಯಿದ್ದವರು ಇಲ್ಲೇ ಪುಟ ತಿರುಗಿಸಿದರೆ ನನಗೆ ಬೇಸರವಿಲ್ಲ.

ನನ್ನ ಕಸುಬಿನ ಬಗ್ಗೆ ಎರಡು ಮಾತು. ಬೆಂಗಳೂರಿನ ಹೊರವಲಯದ ಒಂದು ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ದುಡಿದೆ. ಅದರಲ್ಲಿ ಕೊನೆಯ ಹದಿನೈದು ವರ್ಷ ರುಚಿ ನೋಡುವ ತಂಡದ ಮುಖ್ಯಸ್ಥ. ನೆಂಟರಿಷ್ಟರ ಮದುವೆಗಳಲ್ಲಿ ಯಾರಾದರೂ ವಿಚಾರಿಸಿದರೆ 'ಆಹಾರ ಪರೀಕ್ಷೆ' ಎಂದು ಹೇಳಿ ಪಾಯಸದ ಕಡೆಗೆ ತಿರುಗಿಬಿಡುತ್ತಿದ್ದೆ. ದಿನವಿಡೀ ಕುಡಿಯುವ ಕೆಲಸ ಅಂದುಕೊಂಡರೆ ಯಾರು ಹೆಣ್ಣು ಕೊಡುತ್ತಾರೆ? ನಿಜ ಹೇಳಬೇಕೆಂದರೆ ಅದು ಕುಡಿಯುವ ಕೆಲಸವೇ ಅಲ್ಲ, ಮೂಸುವ ಕೆಲಸ. ರುಚಿ ಎಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಮೂಗಿನದು. ನಾಲಿಗೆಗೆ ಗೊತ್ತಾಗುವುದು ಸಿಹಿ, ಕಹಿ, ಹುಳಿ, ಉಪ್ಪು ಇಷ್ಟೇ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ಕಾಫಿ ನನಗೆ ಈಗ ಕಹಿಯಾದ ಬಿಸಿನೀರು. ಮಲ್ಲಿಗೆಗೂ ಕಾಗದದ ಹೂವಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಇದು ಹೆಂಡತಿಯೊಬ್ಬಳಿಗೆ ಗೊತ್ತಿತ್ತು. ನಿವೃತ್ತಿಗೆ ಆಗ ಎಂಟು ತಿಂಗಳು ಬಾಕಿ, ಆ ಎಂಟು ತಿಂಗಳನ್ನೂ ಯಾರಿಗೂ ತಿಳಿಯದಂತೆ ತಳ್ಳಿದೆ. ಹೇಗೆಂದರೆ, ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ತಂಡದಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಮುಖ್ಯಸ್ಥ ಕಟ್ಟಕಡೆಗೆ. ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರ ಮೂಗು ಅವರ ಮಾತನ್ನೇ ಮೂಸುತ್ತದೆ. ಈ ಪದ್ಧತಿಯನ್ನು ಎಷ್ಟೋ ಹುಡುಗರಿಗೆ ಕಲಿಸಿದವನು ನಾನೇ. ಕಡೆಗೆ ಅದೇ ನನ್ನನ್ನು ಕಾಪಾಡಿತು. ಎಲ್ಲರ ಮಾತು ಕೇಳಿ, ಎಲ್ಲರ ಮುಖ ಓದಿ, ಕೊನೆಯಲ್ಲಿ ಗಂಭೀರವಾಗಿ ತಲೆಯಾಡಿಸಿ ತೀರ್ಪು ಕೊಡುತ್ತಿದ್ದೆ.

ಹಾಗೆ ಕಲಿತವರಲ್ಲಿ ಒಬ್ಬ ಸುದರ್ಶನ. ಈಗ ನೈರೋಬಿಯ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಮ್ಯಾನೇಜರ್. ಒಂದು ದಿನ ಫೋನ್ ಮಾಡಿದ. "ಸಾರ್, ಇಲ್ಲಿ ಫಸ್ಟ್ ಟೈಮ್ ಜೆಕ್ ಸ್ಟೈಲ್ ಪಿಲ್ಸ್ನರ್ ಬಿಯರ್ ಮಾಡಿದೀವಿ. ಓನರ್‌ಗೆ ಹೊರಗಿನವರ ಒಪೀನಿಯನ್ ಬೇಕಂತೆ. ನಿಮ್ಮ ಮೂಗು ಬೇಕು ಸಾರ್."

ಇಲ್ಲ ಎನ್ನಬೇಕಿತ್ತು. ಆದರೆ ನಿವೃತ್ತನಾದ ಮೇಲೆ ನಿಮ್ಮ ಮೂಗು ಬೇಕು ಎಂದು ಯಾರೂ ಕೇಳಿರಲಿಲ್ಲ. ಆಗಲಿ ಎಂದೆ.

ವಿಮಾನ ನಿಲ್ದಾಣ

ನಾನು ಇಳಿದೆ, ನನ್ನ ಸೂಟ್‌ಕೇಸ್ ಇಳಿಯಲಿಲ್ಲ. ಬೆಲ್ಟು ಖಾಲಿ ಸುತ್ತತೊಡಗಿದಾಗ ಕೌಂಟರಿನ ಹೆಣ್ಣುಮಗಳು ನನ್ನ ಮುಖ ನೋಡಿ "ಪೋಲೆ" ಎಂದಳು. ಗುಡಿಸುತ್ತಿದ್ದವನೂ ಪೊರಕೆ ನಿಲ್ಲಿಸಿ "ಪೋಲೆ" ಎಂದ. ಅದಕ್ಕೆ ಅರ್ಥವೇನೆಂದು ಹೊರಗೆ ಕಾಯುತ್ತಿದ್ದ ಸುದರ್ಶನನನ್ನು ಕೇಳಿದೆ.

"ಅಯ್ಯೋ ಪಾಪ ಅಂತಾರಲ್ಲ ಸಾರ್, ಹಾಗೆ. ನೀವು ಎಡವಿದ್ರೂ ಅಂತಾರೆ, ನಿಮಗೆ ನೆಗಡಿ ಆದ್ರೂ ಅಂತಾರೆ. ಅವರ ತಪ್ಪು ಇರಲೇಬೇಕು ಅಂತಿಲ್ಲ."

ನಮ್ಮಲ್ಲಿ ತಪ್ಪು ಮಾಡಿದವನ ಬಾಯಿಂದಲೂ ಕ್ಷಮೆಯ ಮಾತು ಹೊರಡುವುದು ಕಷ್ಟ. ಇಲ್ಲಿ ಏನೂ ಮಾಡದ ಪೊರಕೆಯವನು ನನ್ನ ಸೂಟ್‌ಕೇಸಿಗಾಗಿ ಮರುಗಿದ. ಊರು ನನಗೆ ಆ ಕ್ಷಣವೇ ಹಿಡಿಸಿತು.

ಮೊಂಬಾಸಾ ರಸ್ತೆಯ ಜಾಮಿನಲ್ಲಿ ಕಾರು ಇಂಚಿಂಚೇ ಮುಂದೆ ಹೋಗುತ್ತಿತ್ತು. ರಸ್ತೆ ಬದಿಯ ಮುಳ್ಳುಮರಗಳ ಮೇಲೆ ನನ್ನ ಎದೆಯೆತ್ತರದ ಬೊಕ್ಕತಲೆಯ ಹಕ್ಕಿಗಳು, ಕೋರ್ಟಿನ ಮುಂದೆ ಕಕ್ಷಿದಾರರಿಗೆ ಕಾಯುವ ವಕೀಲರಂತೆ ನಿಂತಿದ್ದವು. ಮರದ ಕೆಳಗೆಲ್ಲ ಬೆಳ್ಳಗೆ ಹಿಕ್ಕೆ. ಸುದರ್ಶನ ಸರಕ್ಕನೆ ಕಿಟಕಿ ಏರಿಸಿ ಮೂಗು ಮುಚ್ಚಿಕೊಂಡ. ಒಂದು ಕ್ಷಣ ತಡವಾಗಿ ನಾನೂ ಮುಚ್ಚಿಕೊಂಡೆ. ಎರಡು ವರ್ಷದಿಂದ ನಾನು ಬದುಕುತ್ತಿರುವುದೇ ಹೀಗೆ, ಎದುರಿನವರ ಮುಖವನ್ನು ನಕಲು ಮಾಡಿಕೊಂಡು.

ಸೌತ್ ಸಿ

ಸುದರ್ಶನನ ಮನೆ ಸೌತ್ ಸಿ ಎಂಬ ಬಡಾವಣೆಯಲ್ಲಿ, ಗೇಟಿನೊಳಗೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು. ಹೆಂಡತಿ ವಿದ್ಯಾ, ಹತ್ತು ವರ್ಷದ ಮಗಳು ಇಳಾ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಇಳಾಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಸೂಟ್‌ಕೇಸ್ ಬರುವವರೆಗೆ ಸುದರ್ಶನನ ಪ್ಯಾಂಟು ನನ್ನ ಪಾಲಿಗೆ ಬಂತು. ನಡೆಯುವಾಗ ಒಂದು ಕೈ ಸೊಂಟದಲ್ಲೇ ಇರಬೇಕಾಗಿತ್ತು.

ಮರುದಿನ ಬೆಳಿಗ್ಗೆ ವಿದ್ಯಾ ಒಲೆಯ ಮೇಲೆ ಹಾಲಿಟ್ಟು, "ಅಂಕಲ್, ಐದು ನಿಮಿಷ, ಸ್ವಲ್ಪ ನೋಡ್ಕೊಳ್ತೀರಾ?" ಎಂದು ಸ್ನಾನಕ್ಕೆ ಹೋದಳು. ಅಡುಗೆಮನೆಯ ಮೇಜಿನಲ್ಲೇ ಪೇಪರ್ ಹಿಡಿದು ಕುಳಿತೆ. ಹಾಲು ಉಕ್ಕಿ, ಆರಿ, ತಳ ಹತ್ತಿ, ಕರಕಲಾಗಿ ಹೊಗೆಯೇಳುವವರೆಗೂ ಪೇಪರ್ ಓದುತ್ತಲೇ ಇದ್ದೆ. ಮಹಡಿಯಿಂದ ಇಳಾ ಓಡಿ ಬಂದು ಒಲೆ ಆರಿಸಿದಳು.

"ಅಂಕಲ್, ಕಾಂಟ್ ಯೂ ಸ್ಮೆಲ್ ದಟ್?"

"ಸ್ವಲ್ಪ ನೆಗಡಿ ಕಣಮ್ಮ."

"ಓಹ್. ಪೋಲೆ," ಎಂದಳು ಆ ಮಗು. ನನ್ನನ್ನು ನೇರವಾಗಿ ಕೇಳಿದವಳು ಅವಳೊಬ್ಬಳೇ. ಅವಳಿಗೂ ಸುಳ್ಳು ಹೇಳಿದೆ.

ಸಂಜೆ ಸುದರ್ಶನ ಹತ್ತಿರದ ಒಂದು ಬಾರಿಗೆ ಕರೆದುಕೊಂಡು ಹೋದ. ಬಿಯರ್ ತರುವ ಮೊದಲು ಪರಿಚಾರಿಕೆ ಕೇಳಿದಳು: "ಬರಿದಿ ಆಮಾ ಮೋಟೋ?" ತಣ್ಣಗಿರಲೋ ಬೆಚ್ಚಗಿರಲೋ ಎಂದು. ಬಿಯರನ್ನು ಬೆಚ್ಚಗೆ ಕುಡಿಯುವವರು ಇಲ್ಲಿ ಬೇಕಾದಷ್ಟು ಜನ. ಪಕ್ಕದ ಮೇಜಿನ ಹಿರಿಯರೊಬ್ಬರು ಕಪಾಟಿನಿಂದ ತೆಗೆದ ಬಾಟಲಿಯನ್ನೇ ಸುಖವಾಗಿ ಹೀರುತ್ತಿದ್ದರು. ನಮ್ಮ ಬೆಂಗಳೂರಿನಲ್ಲಾದರೆ ಮೇಜು ಮಗುಚಿ ಬೀಳುತ್ತಿತ್ತು. ತಣ್ಣಗಿರಲಿ ಎಂದೆ. ನನ್ನಂಥವನಿಗೆ ಬಿಯರಿನಲ್ಲಿ ಉಳಿದಿರುವುದು ತಂಪು ಮತ್ತು ಕಹಿ, ಎರಡೇ.

"ಪಿಲ್ಸ್ನರ್ ಮಾಡಿದೋರು ನಮ್ಮ ಬ್ರೂಯರ್, ಚೆಬೆಟ್ ಅಂತ ಸಾರ್," ಎಂದ ಸುದರ್ಶನ. "ಏಳು ವಾರ ಆ ಟ್ಯಾಂಕ್‌ನ ಮಗು ಥರ ನೋಡ್ಕೊಂಡಿದಾರೆ. ಓನರ್ ಏನಂತಾರೆ ಅಂದ್ರೆ, ಇದು ಸರಿ ಬಂದ್ರೆ ಅವರು ಪರ್ಮನೆಂಟ್, ಇಲ್ಲ ಅಂದ್ರೆ ಬೇರೆಯವರು. ನೀವೊಂದು ಮಾತು ಹೇಳಿದ್ರೆ ಮುಗೀತು."

ಗ್ಲಾಸು ಕೆಳಗಿಟ್ಟೆ. ಆಗಲೇ ಹೇಳಿಬಿಡಬಹುದಿತ್ತು, ಹೇಳುವುದಕ್ಕೆ ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವನು ಪಕ್ಕದ ಮೇಜಿನವರಿಗೆ, "ಇವರು ನನ್ನ ಗುರುಗಳು," ಎಂದು ಪರಿಚಯ ಮಾಡಿಕೊಟ್ಟ. ಆ ಹಿರಿಯರು ಎದ್ದು ನಿಂತು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ನಾನು ಬಾಯಿ ಮುಚ್ಚಿದೆ.

ಇಂಡಸ್ಟ್ರಿಯಲ್ ಏರಿಯಾ

ಲಾರಿಗಳ ಸಾಲಿನ ಹಿಂದೆ ಮುಕ್ಕಾಲು ಗಂಟೆ ಕಾದು ಕಾರ್ಖಾನೆ ತಲುಪಿದೆವು. ಸಣ್ಣ ಅಂಗಳ, ತಗಡಿನ ಚಾವಣಿ, ಒಳಗೆ ಕನ್ನಡಿಯಂತೆ ಹೊಳೆಯುವ ಟ್ಯಾಂಕುಗಳು. ಚೆಬೆಟ್ ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಮೊಣಕಾಲವರೆಗೆ ರಬ್ಬರ್ ಬೂಟು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ನನ್ನನ್ನು 'ಮ್ಜೇ' ಎಂದು ಕರೆದರು, ಹಿರಿಯರೇ ಎಂದಂತೆ. ಇಂಗ್ಲಿಷಿನಲ್ಲಿ ಮಾತಾಡುತ್ತ ಟ್ಯಾಂಕು ತೋರಿಸಿದರು. ಜೆಕ್ ದೇಶದವರ ಹಾಗೆ ಮೊಳಕೆ ಬಾರ್ಲಿಯ ಗಂಜಿಯಲ್ಲಿ ಒಂದು ಪಾಲನ್ನು ತೆಗೆದು ಬೇರೆಯಾಗಿ ಕುದಿಸಿ ಮತ್ತೆ ಸೇರಿಸಿದ್ದರಂತೆ, ಹೀಗೆ ಮೂರು ಸಲ. ನೀರಿನ ಗಡಸುತನ ತೆಗೆದಿದ್ದರು, ಕಹಿಗೆಂದು ಆ ದೇಶದ್ದೇ ಹಾಪ್ ಹೂವು ತರಿಸಿದ್ದರು. ಕರೆಂಟು ಹೋದ ಭಾನುವಾರ ಜನರೇಟರ್ ಪಕ್ಕದಲ್ಲೇ ಕುಳಿತು ಊಟ ಮಾಡಿದ್ದರು.

"ಆತುರ ಮಾಡಿದರೆ ಈ ಬಿಯರ್ ಬರುವುದಿಲ್ಲ ಮ್ಜೇ. ತಣ್ಣಗೆ ಮಲಗಬೇಕು," ಎಂದರು.

ಮೇಜಿನ ಸುತ್ತ ಐದು ಜನ ಕುಳಿತೆವು: ಮಾಲೀಕರು, ಸುದರ್ಶನ, ಚೆಬೆಟ್, ಲ್ಯಾಬಿನ ಹೆಣ್ಣುಮಗಳು, ನಾನು. ನನಗೆ ಧೈರ್ಯವೇ ಇತ್ತು. ಲ್ಯಾಬಿನವಳು ಮೊದಲು ಹೇಳುತ್ತಾಳೆ, ಆಮೇಲೆ ಉಳಿದವರು, ನಾನು ಕೊನೆಯಲ್ಲಿ ತಲೆಯಾಡಿಸಿದರಾಯಿತು. ಗ್ಲಾಸು ಬಂತು. ಕಣ್ಣಿಗೆ ಕಂಡಿದ್ದನ್ನು ಹೇಳುತ್ತೇನೆ, ಅದಾದರೂ ಸುಳ್ಳಲ್ಲ. ತಿಳಿಜೇನಿನ ಬಣ್ಣ. ಎರಡು ಬೆರಳು ದಪ್ಪದ ಒದ್ದೆ ನೊರೆ, ಒಳ್ಳೆಯ ಫಿಲ್ಟರ್ ಕಾಫಿಯ ಮೇಲಿನ ನೊರೆಯಂತೆ ಕದಲದೆ ನಿಂತಿತ್ತು. ಬಾಯಿಗೆ ಹಾಕಿದರೆ ಮೊದಲು ತುಸು ಸಿಹಿ, ಆಮೇಲೆ ನಿಧಾನವಾಗಿ ಏರುವ ಕಹಿ, ನುಂಗಿದ ಮೇಲೂ ನಾಲಿಗೆಯ ಬುಡದಲ್ಲಿ ಉಳಿಯುವ ಕಹಿ. ನಮ್ಮ ಮನೆಯ ಹಾಗಲಕಾಯಿ ಗೊಜ್ಜಿನಲ್ಲಿ ಸಿಹಿಯೂ ಕಹಿಯೂ ಒಂದನ್ನೊಂದು ಬಿಡದೆ ಇರುತ್ತವಲ್ಲ, ಹಾಗೆ. ಅದರಾಚೆ ಏನಿತ್ತೋ ನನಗೆ ತಿಳಿಯದು. ಗೋಡೆಯನ್ನು ಮೂಸಿದಂತಿತ್ತು.

ಆಗ ಸುದರ್ಶನ ಎದ್ದು ನಿಂತ. "ಸಾರ್, ಇವತ್ತು ನೀವೇ ಮೊದಲು. ಇಲ್ಲಿ ಹಿರಿಯರು ಮಾತಾಡದೆ ಯಾರೂ ಬಾಯಿ ಬಿಡಲ್ಲ. ನಾನೂ ಬಿಡಲ್ಲ."

ನಾಲ್ವರೂ ನನ್ನ ಮುಖ ನೋಡಿದರು. ಅವರ ಮುಖಗಳಲ್ಲಿ ನನಗೆ ಓದಲು ಏನೂ ಇರಲಿಲ್ಲ.

ಈ ಕಸುಬಿನವರಿಗಷ್ಟೇ ಹೊಳೆಯುವ ಒಂದು ಕಳ್ಳಬುದ್ಧಿ ಇದೆ. ಚೆನ್ನಾಗಿದೆ ಎಂದವನನ್ನು ಜನ ಅನುಮಾನಿಸುತ್ತಾರೆ, ದೋಷ ಹಿಡಿದವನನ್ನು ಪಂಡಿತ ಎನ್ನುತ್ತಾರೆ. ಜೆಕ್ ಮಾದರಿಯ ಬಿಯರಿನಲ್ಲಿ ಅಷ್ಟಿಷ್ಟು ಬೆಣ್ಣೆ ವಾಸನೆ ಸಾಮಾನ್ಯ, ಹೆಚ್ಚಾದರೆ ದೋಷ. ಇಲ್ಲೂ ಇದ್ದೀತು ಎಂದು ಅಂದಾಜು ಕಟ್ಟಿದೆ. ಗ್ಲಾಸನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿದೆ.

"ಬೆಣ್ಣೆ," ಎಂದೆ.

ಮಾಲೀಕರು ಮೂಸಿ, "ಹೌದು, ಇದೆ," ಎಂದರು. ಲ್ಯಾಬಿನವಳು ಮೂಸಿ, "ಇದೆ ಅನ್ನಿಸುತ್ತದೆ," ಎಂದಳು. ಸುದರ್ಶನ ಮೂರು ಸಲ ಮೂಸಿದ. "ಚೆನ್ನಾಗೇ ಇದೆ ಸಾರ್. ನಾನು ಹೇಗೆ ಮಿಸ್ ಮಾಡಿದೆ!"

"ನನಗೆ ಬೆಣ್ಣೆ ಸಿಗುತ್ತಿಲ್ಲ," ಎಂದರು ಚೆಬೆಟ್, ಮೆಲ್ಲಗೆ.

ಆಮೇಲಿನದೆಲ್ಲ ತರ್ಕ ತಾನಾಗಿ ಎಳೆದುಕೊಂಡು ಹೋಯಿತು. ಯೀಸ್ಟ್ ಬಿಟ್ಟ ಬೆಣ್ಣೆ ವಾಸನೆಯಾದರೆ ಏಳು ವಾರದಲ್ಲಿ ಆ ಯೀಸ್ಟೇ ಅದನ್ನು ತಿಂದು ಮುಗಿಸಿರಬೇಕು. ಮುಗಿದಿಲ್ಲವೆಂದರೆ ಟ್ಯಾಂಕಿಗೆ ಕ್ರಿಮಿ ಹೊಕ್ಕಿದೆ. ಹೊಕ್ಕಿದೆ ಎಂದರೆ ತೊಳೆಯುವುದರಲ್ಲಿ ಎಡವಟ್ಟಾಗಿದೆ. ತೊಳೆದವರು ಯಾರು? ಮಾಲೀಕರು ಚೆಬೆಟ್ ಕಡೆ ನೋಡಿದರು. ಲ್ಯಾಬಿನಲ್ಲಿ ಮಾದರಿ ಇಟ್ಟು ಕ್ರಿಮಿ ಬೆಳೆಯುತ್ತದೆಯೇ ನೋಡೋಣ, ಒಂದು ವಾರ ಕೊಡಿ ಎಂದು ಚೆಬೆಟ್ ಕೇಳಿದರು. ಒಂದು ವಾರದಲ್ಲಿ ಪಕ್ಕದ ಟ್ಯಾಂಕುಗಳಿಗೂ ಹರಡಿದರೆ ಎಂದು ಮಾಲೀಕರು ನನ್ನತ್ತ ತಿರುಗಿದರು. "ನೀವೇನು ಹೇಳುತ್ತೀರಿ?"

ಕಾಯಿರಿ ಎಂಬ ಒಂದು ಮಾತು ಸಾಕಿತ್ತು. ಆದರೆ ಕಾದು, ಕ್ರಿಮಿ ಇಲ್ಲವೆಂದು ತಿಳಿದರೆ? ಆಮೇಲೆ ಪರೀಕ್ಷೆಯಾಗುವುದು ನನ್ನ ಮೂಗು. ನಾನು ಸುಮ್ಮನೆ ಗ್ಲಾಸಿನ ನೊರೆ ನೋಡುತ್ತ ಕುಳಿತೆ. ಆ ಸುಮ್ಮನಿರುವಿಕೆಯೇ ಸಮ್ಮತಿಯಾಯಿತು.

ಮರುದಿನ, ಅದೇ ಅಂಗಳ

ಟ್ಯಾಂಕು ಖಾಲಿ ಮಾಡುವ ಕೆಲಸವನ್ನು ಬೇರೆಯವರಿಗೆ ಬಿಡಲು ಚೆಬೆಟ್ ಒಪ್ಪಲಿಲ್ಲ. ತಾವೇ ವಾಲ್ವ್ ತಿರುಗಿಸಿ ಪಕ್ಕದಲ್ಲಿ ನಿಂತರು. ಅವರಿಗೆ ಅದೇ ಕೊನೆಯ ದಿನ ಎಂದು ಸುದರ್ಶನ ಕಾರಿನಲ್ಲಿ ಹೇಳಿದ್ದ. ಬಿಯರ್ ಅಂಗಳದ ಚರಂಡಿಯಲ್ಲಿ ನೊರೆಯೆದ್ದು ಹರಿಯಿತು. ನಾನು ಗೇಟಿನ ಬಳಿ ನಿಂತಿದ್ದೆ. ನನ್ನ ಪಾಲಿಗೆ ಅದು ಹಳದಿ ನೀರು.

ಗೇಟಿನ ಕಾವಲುಗಾರ ಹೊರಗಿನಿಂದ ಬಂದವನು ನಿಂತು ಉಸಿರೆಳೆದುಕೊಂಡ. ಒಳಗೆ ನಡೆದದ್ದೊಂದೂ ಅವನಿಗೆ ತಿಳಿಯದು.

"ಮ್ಜೇ, ಬೇಕರಿ ವಾಸನೆ! ಇದನ್ನು ಯಾಕೆ ಚೆಲ್ಲುತ್ತಿದ್ದಾರೆ?"

"ಬೆಣ್ಣೆ ವಾಸನೆ ಬರುತ್ತಿದೆಯೇ?" ಎಂದು ಕೇಳಿದೆ.

ಅವನು ಚರಂಡಿಯ ಹತ್ತಿರ ಬಗ್ಗಿ ಶ್ರದ್ಧೆಯಿಂದ ಮೂಸಿದ. "ಇಲ್ಲ. ಬ್ರೆಡ್. ಮತ್ತೆ ಹುಲ್ಲು."

ನನ್ನ ತೀರ್ಪು ಕಿವಿಗೆ ಬೀಳದ ಮೂಗು ಅದೊಂದೇ. ಸುದರ್ಶನನ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಟ್ಯಾಂಕಿನಲ್ಲಿ ಇನ್ನೂ ಅರ್ಧ ಬಿಯರ್ ಇತ್ತು. ನಿಲ್ಲಿಸಿ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಹೋಗಿ ಕಾರಿನಲ್ಲಿ ಕುಳಿತೆ. ನೈರೋಬಿಯಲ್ಲಿ ನಾನು ಮಾಡಿದ್ದರಲ್ಲೆಲ್ಲ ನನಗೆ ಹೆಚ್ಚು ನಾಚಿಕೆ ತರುವುದು ಈ ಅರ್ಧ ಟ್ಯಾಂಕು. ಬೆಣ್ಣೆ ಎಂದಾಗ ನನಗೆ ಗೊತ್ತಿರಲಿಲ್ಲ. ಕಾರಿನಲ್ಲಿ ಕುಳಿತಾಗ ಗೊತ್ತಿತ್ತು.

ಮತ್ತೆ ಸೌತ್ ಸಿ

ಎರಡು ದಿನ ಊಟ ಸೇರಲಿಲ್ಲ. ನೀರು ಒಗ್ಗಿಲ್ಲವೇನೋ ಎಂದು ವಿದ್ಯಾ ಜೀರಿಗೆ ಕಷಾಯ ಮಾಡಿಕೊಟ್ಟಳು. ಮೂರನೆಯ ದಿನ ತಿಂಡಿಯಾದ ಮೇಲೆ ಸುದರ್ಶನನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಜ್ವರ, ಎಂಟು ತಿಂಗಳ ನಟನೆ, ಹಕ್ಕಿಗಳು, ಹಾಲು, ಬೆಣ್ಣೆ, ಕಾವಲುಗಾರ.

ಅವನು ಹೇಳಿದ, "ಆದ್ರೆ ನನಗೂ ಬಂತಲ್ಲ ಸಾರ್ ಬೆಣ್ಣೆ ವಾಸನೆ. ದೇವರಾಣೆಗೂ ಬಂತು."

"ನಾನು ಹೇಳಿದ್ದಕ್ಕೆ ಬಂತು ಕಣೋ."

"ಇಲ್ಲ ಸಾರ್, ನಿಜವಾಗ್ಲೂ ಬಂತು." ಅವನ ಕಣ್ಣಲ್ಲಿ ನೀರಿತ್ತು. ತನ್ನ ಮೂಗನ್ನು ಇನ್ನು ನಂಬುವುದು ಹೇಗೆಂಬ ಭಯ ಅದು. ಆ ಭಯ ನನಗೆ ಚೆನ್ನಾಗಿ ಗೊತ್ತು.

ಮಾಲೀಕರಿಗೆ ಕಾಗದ ಬರೆಯುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ಬೇಡ ಸಾರ್. ಟ್ಯಾಂಕ್‌ಗೆ ಆಗ್ಲೇ ಬೇರೆ ಬಿಯರ್ ಹಾಕಿ ಆಯ್ತು. ಚೆಬೆಟ್ ಜಾಗಕ್ಕೂ ಜನ ಬಂದಾಯ್ತು. ನಿಮ್ಮನ್ನ ಕರೆಸಿದ್ದು ನಾನು. ಗೊತ್ತಾದ್ರೆ ನನ್ನ ಗತಿ ಏನು? ಇಳಾ ಸ್ಕೂಲು, ಈ ಮನೆ, ವೀಸಾ... ಹೋದದ್ದು ಹೇಗೂ ವಾಪಸ್ ಬರಲ್ಲ ಸಾರ್."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೂ ಕಾಗದ ಬರೆದೆ. ಸುದರ್ಶನನಿಗೆ ನನ್ನ ಮೂಗಿನ ವಿಷಯ ತಿಳಿದಿರಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದು, ಕಾರ್ಖಾನೆಯ ಗೇಟಿನಲ್ಲಿ ಕೊಟ್ಟುಬಂದೆ. ಅವನ ಕೆಲಸ ಸದ್ಯಕ್ಕೆ ಉಳಿದಿದೆಯೆಂದು ವಿದ್ಯಾ ಆಮೇಲೊಮ್ಮೆ ಮೆಸೇಜ್ ಮಾಡಿದಳು. ಚೆಬೆಟ್‌ರನ್ನು ವಾಪಸು ಕರೆಯಲಿಲ್ಲವಂತೆ. ಸುದರ್ಶನ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಪಂಗಾನಿ

ಹೊರಡುವ ಹಿಂದಿನ ದಿನ ಪಂಗಾನಿಯಲ್ಲಿದ್ದ ಚೆಬೆಟ್ ಮನೆಗೆ ಮಟಾಟುವಿನಲ್ಲಿ ಹೋದೆ. ವಿಳಾಸ ಬರೆದುಕೊಟ್ಟವನು ಕಾವಲುಗಾರ. ಮಟಾಟು ಎಂದರೆ ನಮ್ಮ ಮ್ಯಾಕ್ಸಿಕ್ಯಾಬಿನೊಳಗೆ ಆರ್ಕೆಸ್ಟ್ರಾ ಕೂರಿಸಿದಂತೆ. ಸೀಟು, ಕಿಟಕಿ, ನನ್ನ ಹಲ್ಲು ಎಲ್ಲವೂ ತಾಳ ಹಾಕುತ್ತಿದ್ದವು. ಪಕ್ಕದಲ್ಲಿ ಕುಳಿತ ಅಜ್ಜಿ ಮಾತ್ರ ಆ ಗದ್ದಲದಲ್ಲೇ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ನಾನು ಬಾಯೊಳಗೇ ಕ್ಷಮೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಅಂಗಡಿಗಳ ಮೇಲಿನ ಹಳೆಯ ಮನೆ, ಮೂರನೆಯ ಮಹಡಿ. ಬಾಗಿಲು ತೆಗೆದ ಚೆಬೆಟ್ ಆಶ್ಚರ್ಯಪಡಲಿಲ್ಲ. ಒಳಗೆ ಕೂರಿಸಿದರು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು.

"ನನಗೆ ವಾಸನೆ ಬರುವುದಿಲ್ಲ," ಎಂದೆ. "ಎರಡು ವರ್ಷ ಆಯಿತು. ನಿಮ್ಮ ಬಿಯರಿನಲ್ಲಿ ಬೆಣ್ಣೆ ಇತ್ತೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಹೆದರಿ ಹೇಳಿದೆ. ತಪ್ಪು ಮಾಡಿದೆ."

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಬೈಸಿಕೊಳ್ಳಲು ಸಿದ್ಧನಾಗಿದ್ದೆ.

"ಏನೂ ಬರುವುದಿಲ್ಲವೇ? ಹೊಗೆ? ಹೂವು? ಊಟ?"

"ಏನೂ ಇಲ್ಲ."

"ಪೋಲೆ ಸಾನಾ, ಮ್ಜೇ," ಎಂದರು ಚೆಬೆಟ್. ತುಂಬ ಪಾಪ ಎಂದು. ನನ್ನ ಮೂಗಿಗಾಗಿ ಮರುಗಿ ಹೇಳಿದರು, ಅದರಲ್ಲಿ ಕೊಂಕಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಅವರು ಎದ್ದು ಫ್ರಿಜ್ಜಿನಿಂದ ಒಂದು ಬಾಟಲಿ ತಂದರು. ಪ್ರತಿ ತಯಾರಿಯಿಂದಲೂ ಬ್ರೂಯರ್ ಕೆಲವು ಬಾಟಲಿ ತೆಗೆದಿಡುವುದು ವಾಡಿಕೆ. ಕೆಲಸ ಬಿಟ್ಟ ದಿನ ಅವರು ಮೂರನ್ನು ಮನೆಗೆ ತಂದಿದ್ದರು. ಎರಡು ಗ್ಲಾಸಿಗೆ ಬಗ್ಗಿಸಿದರು. ಅದೇ ಜೇನು ಬಣ್ಣ, ಅದೇ ಕದಲದ ನೊರೆ. ನಾನು ಚೀಲದಿಂದ ರುಚಿ ಪರೀಕ್ಷೆಯ ಖಾಲಿ ಫಾರಂ ತೆಗೆದೆ.

"ನೀವು ಹೇಳಿ, ನಾನು ಬರೆಯುತ್ತೇನೆ."

ಚೆಬೆಟ್ ಗ್ಲಾಸನ್ನು ಮೂಗಿಗೆ ಹಿಡಿದರು. "ಕಾವಲಿಯ ಮೇಲೆ ಕೆಂಪಾದ ಚಪಾತಿಯ ಅಂಚು. ಬ್ರೆಡ್ಡಿನ ಮೇಲ್ಪದರ." ಬರೆದೆ. "ನಿನ್ನೆ ಕೊಯ್ದ ಹುಲ್ಲು, ಇನ್ನೂ ಪೂರ್ತಿ ಒಣಗಿಲ್ಲ. ಅದರೊಳಗೆ ಯಾವುದೋ ಸಣ್ಣ ಕಾಡುಹೂವು. ಮೆಣಸು, ಒಂದೇ ಒಂದು ಕಾಳಿನಷ್ಟು." ಬರೆದೆ. "ಜೇನಿಲ್ಲ, ಜೇನಿದ್ದ ಖಾಲಿ ಪಾತ್ರೆ." ಅದನ್ನೂ ಬರೆದೆ. ಇಪ್ಪತ್ತೇಳು ವರ್ಷದಲ್ಲಿ ಇಷ್ಟು ನಿಖರವಾಗಿ ಹೇಳಿದವರನ್ನು ನಾನು ಕಂಡಿಲ್ಲ.

"ಬೆಣ್ಣೆ?" ಎಂದು ಕೇಳಿದೆ, ಫಾರಂನಲ್ಲಿ ಆ ಸಾಲು ಇತ್ತು.

"ನನ್ನ ತಾಯಿ ಸೋರೆಬುರುಡೆಯಲ್ಲಿ ಹಾಲು ಕುಲುಕಿ ಬೆಣ್ಣೆ ತೆಗೆಯುತ್ತಿದ್ದರು. ಆ ಮನೆಯಲ್ಲಿ ಬೆಳೆದವಳು ನಾನು," ಎಂದರು. "ಇಲ್ಲ ಎಂದು ಬರೆಯಿರಿ."

ಬರೆದೆ. ರುಚಿ ನೋಡಿದವರು ಎಂಬಲ್ಲಿ ಅವರ ಹೆಸರು ಹಾಕಿದೆ. ಕೆಳಗೆ, ಮೊದಲಿನ ನನ್ನ ತೀರ್ಪು ಸುಳ್ಳು, ನನಗೆ ವಾಸನೆ ತಿಳಿಯುವುದಿಲ್ಲ ಎಂದು ಬರೆದು ಸಹಿ ಮಾಡಿದೆ. ಬೇರೆಲ್ಲಾದರೂ ಕೆಲಸ ಕೇಳುವಾಗ ತೋರಿಸಬಹುದು ಎಂದೆ. ಅವರು ಕಾಗದವನ್ನು ಓದಿ ನಾಲ್ಕಾಗಿ ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟರು. ಧನ್ಯವಾದ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮರ್ಯಾದೆಗೆಂದು ನನ್ನ ಗ್ಲಾಸನ್ನು ಎತ್ತಿಕೊಂಡೆ. ಚೆಬೆಟ್ ಕೈ ಚಾಚಿ ಅದನ್ನು ಮೆಲ್ಲಗೆ ನನ್ನ ಬೆರಳುಗಳಿಂದ ಬಿಡಿಸಿಕೊಂಡರು.

"ಬೇಸರ ಮಾಡಿಕೊಳ್ಳಬೇಡಿ ಮ್ಜೇ. ಇದು ಇನ್ನು ಎರಡೇ ಬಾಟಲಿ ಉಳಿದಿರುವುದು."

ನನ್ನ ಪಾಲಿನ ಬಿಯರನ್ನು ತಮ್ಮ ಗ್ಲಾಸಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಕುಡಿಯತೊಡಗಿದರು. ನಾನು ಎದುರಿಗೆ ಕುಳಿತು ಅವರ ಮುಖ ನೋಡುತ್ತಿದ್ದೆ. ಈ ಸಲ ನಕಲು ಮಾಡಲಿಲ್ಲ.